ಕೊತ್ತಂಬರಿ ಸೊಪ್ಪಿನ ಸಿಳ್ಳೆ

ಪ್ರಾಣಿಗಳ ವಿಷಯದಲ್ಲಿ ನನ್ನದು ದೂರದಿಂದ ಕೈಮುಗಿಯುವ ಭಕ್ತಿ. ಹಸು, ಹಾವು, ಇಲಿ, ಗರುಡ, ಯಾವುದಕ್ಕೂ ನಾನು ಗೌರವ ಕಡಿಮೆ ಮಾಡಿದವನಲ್ಲ. ಆದರೆ ಅವು ಕ್ಯಾಲೆಂಡರಿನ ಒಳಗಿರಬೇಕು, ಕ್ಯಾಲೆಂಡರು ಗೋಡೆಯ ಮೇಲಿರಬೇಕು ಎಂಬುದು ನನ್ನ ನಿಲುವು. ಮೈಸೂರಿನ ನಮ್ಮ ಬೀದಿಯ ನಾಯಿಗಳನ್ನು ಕಂಡರೆ ನಾನು ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ. ಅವೂ ದೊಡ್ಡ ಮನಸ್ಸು ಮಾಡಿ ಈಚೆ ಬದಿಯಲ್ಲೇ ಇರುತ್ತಿದ್ದವು. ಈ ಒಪ್ಪಂದ ನೆದರ್‌ಲ್ಯಾಂಡ್ಸಿಗೆ ಬಂದ ಮೇಲೂ ಚೆನ್ನಾಗಿಯೇ ನಡೆದಿತ್ತು. ಅದಕ್ಕೆ ಕಲ್ಲು ಹಾಕಿದವಳು ನನ್ನ ಮಗಳು ಅನಘಾ.

“ಎವ್ರಿಬಡಿ ಹ್ಯಾಸ್ ಎ ಹೌಸ್‌ಡೀರ್, ಪಪ್ಪಾ. ಓನ್ಲಿ ವಿ ಡೋಂಟ್,” ಅಂದಳು ಒಂದು ದಿನ ಶಾಲೆಯಿಂದ ಬಂದವಳೇ. ಹೌಸ್‌ಡೀರ್ ಅಂದರೆ ಡಚ್ಚರ ಭಾಷೆಯಲ್ಲಿ ಸಾಕುಪ್ರಾಣಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೋ ಡಚ್ಚಿನಲ್ಲೋ ಉತ್ತರ ಕೊಡುವ ಹುಡುಗಿ, ಕಣ್ಣೀರನ್ನು ಮಾತ್ರ ನಮ್ಮ ಕಡೆಯ ಹೆಣ್ಣುಮಕ್ಕಳ ಹಾಗೆಯೇ ಹಾಕುತ್ತಾಳೆ. ಹೀಗಾಗಿ ಒಂದು ಶನಿವಾರ ಉಪ್ಪಿಟ್ಟಿನ ಮುಂದೆ ಕೂತು, ನಮ್ಮ ಮನೆಗೆ ಯಾವ ಪ್ರಾಣಿ ಹೊಂದುತ್ತದೆ ಎಂದು ಸಭೆ ಸೇರಿದೆವು. ನಮ್ಮದು ಬೆಸ್ಟ್ ಎಂಬ ಊರಿನಲ್ಲಿ ಸಾಲುಮನೆಗಳ ನಡುವೆ ಸಿಕ್ಕಿಕೊಂಡಿರುವ ಬಾಡಿಗೆ ಮನೆ. ಪಕ್ಕದ ಮನೆಯ ಅಡುಗೆಕೋಣೆಗೂ ನಮ್ಮದಕ್ಕೂ ಒಂದೇ ಗೋಡೆ, ಅದೂ ಎಷ್ಟು ತೆಳು ಅಂದರೆ, ಅವರು ಅಲ್ಲಿ ಸೀನಿದರೆ ನಾವು ಇಲ್ಲಿಂದಲೇ ‘ಶತಾಯುಸ್ಸು’ ಅನ್ನಬಹುದು.

ಮೊದಲು ನಾಯಿಯ ಪ್ರಸ್ತಾಪ ಬಂತು. “ದಿನಾ ಬೆಳಿಗ್ಗೆ ಮಳೇಲಿ ಅದನ್ನ ವಾಕಿಂಗ್ ಕರ್ಕೊಂಡು ಹೋಗೋರು ಯಾರು?” ಎಂದು ಕೇಳಿ ನನ್ನ ಹೆಂಡತಿ ಸುಮನಾ ನನ್ನ ಮುಖ ನೋಡಿದಳು. ನಾನು ಉಪ್ಪಿಟ್ಟಿನ ಮುಖ ನೋಡಿದೆ. ನಾಯಿ ಅಲ್ಲಿಗೆ ಮುಗಿಯಿತು. ಇನ್ನು ಬೆಕ್ಕು. ಬೆಕ್ಕು ಅಡ್ಡ ಬಂದರೆ ಒಳಗೆ ಬಂದು ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡುವ ವಂಶ ನಮ್ಮದು. ಬೆಕ್ಕನ್ನು ಮನೆಯೊಳಗೇ ಇಟ್ಟುಕೊಂಡರೆ ನಾನು ಪಕ್ಕದ ಊರಾದ ಐಂದ್‌ಹೋವನ್ನಿನ ಆಫೀಸು ಮುಟ್ಟುವುದು ಯಾವಾಗ? ನೀರು ಕುಡಿಯುತ್ತಲೇ ನಿವೃತ್ತನಾಗಬೇಕಾಗುತ್ತದೆ. ಮೀನು ತರೋಣ ಎಂದೆ ನಾನು, ಬಹಳ ಉದಾರವಾಗಿ. “ದೇ ವೋಂಟ್ ಈವನ್ ನೋ ಮೈ ನೇಮ್,” ಎಂದು ಅನಘಾ ತಟ್ಟೆ ಸರಿಸಿದಳು. ಇಷ್ಟಾದ ಮೇಲೆ, ರಜೆಗೆ ಮೈಸೂರಿಗೆ ಹೋಗುವಾಗ ಯಾರ ಮನೆಯಲ್ಲಿ ಬಿಡುವುದು ಎಂಬ ಬ್ರಹ್ಮಾಸ್ತ್ರ ನನ್ನ ಬತ್ತಳಿಕೆಯಲ್ಲಿ ಇದ್ದೇ ಇತ್ತು.

ಆ ಬ್ರಹ್ಮಾಸ್ತ್ರವೇ ತಿರುಗಿ ನನ್ನ ಮೇಲೆ ಬಿತ್ತು. ಪಕ್ಕದ ಮನೆಯ ಮರೈಕೆ ಎಂಬ ಹಿರಿಯ ಹೆಂಗಸು, ಗೋಡೆಯಾಚೆ ಸೀನುವವರು ಅವರೇ, ನಮ್ಮನ್ನು ದಿನ ಗೊತ್ತುಮಾಡಿ ಕಾಫಿಗೆ ಕರೆದರು. ತಲೆಗೊಂದು ಬಿಸ್ಕತ್ತು ಕೊಟ್ಟು, ಡಬ್ಬದ ಮುಚ್ಚಳ ಹಾಕಿ, ತಾವು ಬೇಸಗೆ ರಜೆಗೆ ಫ್ರಾನ್ಸಿಗೆ ಹೋಗುತ್ತಿರುವುದಾಗಿ ಹೇಳಿ, ಬಾಲವಿಲ್ಲದ ದಪ್ಪ ಇಲಿಗಳಂಥ ತಮ್ಮ ಎರಡು ಗಿನಿ ಪಿಗ್ಗುಗಳನ್ನು ನಾವು ನೋಡಿಕೊಳ್ಳಬಹುದೇ ಎಂದು ಕೇಳಿದರು. ರಜೆಯಲ್ಲಿ ಪ್ರಾಣಿಗಳನ್ನು ನೆರೆಯವರಿಗೆ ಒಪ್ಪಿಸಿ ಹೋಗುವುದು ಇಲ್ಲಿಯ ಪದ್ಧತಿ. ನಾನು ಯೋಚಿಸಿ ಹೇಳುತ್ತೇನೆ ಎನ್ನುವಷ್ಟರಲ್ಲಿ ಅನಘಾ ಡಚ್ಚಿನಲ್ಲಿ ಒಪ್ಪಿಕೊಂಡಾಗಿತ್ತು. ಕಂದು ಬಣ್ಣದ್ದರ ಹೆಸರು ಸ್ಟ್ರೋಪ್, ಅಂದರೆ ಪಾಕ. ಕರಿಯದರ ಹೆಸರು ಡ್ರಾಪ್, ಅಂದರೆ ಇಲ್ಲಿಯವರು ಚೀಪುವ ಕರಿ ಮಿಠಾಯಿ. “ಒಣಹುಲ್ಲು ಯಾವಾಗಲೂ ಇರಲಿ. ಸೊಪ್ಪು ದಿನಕ್ಕೆ ಒಂದೇ ಹಿಡಿ,” ಎಂದು ಮರೈಕೆ ಹೇಳಿ, ಗೂಡನ್ನು ನಮ್ಮ ಅಡುಗೆಮನೆಯ ಪಕ್ಕದಲ್ಲಿ ಇಟ್ಟು ಹೊರಟರು.

ಸಂಜೆ ವಿಡಿಯೋ ಕಾಲಿನಲ್ಲಿ ನಮ್ಮತ್ತೆಗೆ ಗೂಡನ್ನು ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ನೋಡಿ, “ಅಲ್ಲ ಅಳಿಯಂದ್ರೇ, ಅಷ್ಟು ದೂರ ಹೋಗಿ ಹೆಗ್ಗಣ ಸಾಕ್ತಿದ್ದೀರಾ? ಇಲ್ಲಿ ನಾವು ಇವಕ್ಕೆ ಬೋನಿಡ್ತೀವಲ್ಲ!” ಅಂದರು. ನನ್ನ ಅಭಿಪ್ರಾಯವೂ ಅದೇ ಆಗಿತ್ತು, ಆದರೆ ಅಳಿಯ ಅತ್ತೆಯ ಮಾತನ್ನು ಅಷ್ಟು ಬೇಗ ಒಪ್ಪಿದರೆ ಚೆನ್ನಾಗಿರುವುದಿಲ್ಲ ಎಂದು ಮೊಬೈಲನ್ನು ಮಗಳ ಕೈಗೆ ಕೊಟ್ಟೆ.

ಮಾರನೆಯ ದಿನ ಸುಮನಾ ಸಾರಿಗೆಂದು ಕೊತ್ತಂಬರಿ ಸೊಪ್ಪು ಹೆಚ್ಚುತ್ತಿದ್ದಳು. ಇದ್ದಕ್ಕಿದ್ದಂತೆ ಜೋರಾಗಿ ಸಿಳ್ಳೆ. ಕುಕ್ಕರ್ ಕೂಗಿತೆಂದು ನಾನು ಓಡಿಹೋಗಿ ಒಲೆ ಆರಿಸಿದೆ. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ. ಸ್ಟ್ರೋಪ್ ಮತ್ತು ಡ್ರಾಪ್ ಎರಡೂ ಮುಂಗಾಲನ್ನು ಸರಳಿನ ಮೇಲಿಟ್ಟು, ಮೂಗು ಮೇಲೆ ಮಾಡಿ ಕೂಗುತ್ತಿದ್ದವು. ಸುಮನಾ ಒಂದು ಹಿಡಿ ಹಾಕಿದಳು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅದು ಮಾಯ. ಅಲ್ಲಿಂದ ನಮ್ಮ ಮನೆಯ ಅತಿಥಿ ಸತ್ಕಾರ ಶುರುವಾಯಿತು. ಬಂದವರು ಸಾಕು ಅಂದರೂ ಬಡಿಸುವ ಜನ ನಾವು, ಬೇಕು ಎಂದು ಸಿಳ್ಳೆ ಹಾಕುವವರನ್ನು ಬಿಡುತ್ತೇವೆಯೇ? ಸುಮನಾ ಸಾರಿನ ಹೊತ್ತಿಗೆ ಹಾಕುತ್ತಿದ್ದಳು, ಅನಘಾ ಆಟದಿಂದ ಬಂದು ಹಾಕುತ್ತಿದ್ದಳು. ಯಾರೂ ಇಲ್ಲದಾಗ ನಾನೂ ದೂರ ನಿಂತು ಒಂದು ಕಟ್ಟು ಎಸೆಯುತ್ತಿದ್ದೆ. ಪ್ರೀತಿಯಿಂದೇನಲ್ಲ, ಆ ಸದ್ದು ನಿಲ್ಲಲಿ ಎಂದು. ನಾವು ಸೊಪ್ಪು ಕೊಳ್ಳುವ ಟರ್ಕಿಯವರ ಅಂಗಡಿಯವನು ಕಟ್ಟುಗಳ ಲೆಕ್ಕ ನೋಡಿ ನಮ್ಮ ಮನೆಯಲ್ಲಿ ಮದುವೆಯೋ ಎಂದು ವಿಚಾರಿಸಿದ.

ಮರೈಕೆ ವಾಪಸು ಬರುವ ಮುಂಚಿನ ಭಾನುವಾರ ಸುಮನಾ, ಅನಘಾ ಇಬ್ಬರೂ ಕನ್ನಡ ಕೂಟದ ಊಟಕ್ಕೆಂದು ಆಮ್‌ಸ್ಟರ್‌ಡ್ಯಾಮ್ ಕಡೆ ಹೋದರು. “ರೀ, ನೀವು ಮನೇಲೇ ಇದ್ದು ಅವನ್ನ ನೋಡ್ಕೊಳ್ಳಿ,” ಎಂಬ ಅಪ್ಪಣೆ ನನಗೆ. ನಾನು ಪಿಜ್ಜಾ ತರಿಸಿ ತಿಂದು, ಆಮೇಲೆ ಗೂಡಿನ ಕಡೆ ನೋಡಿದೆ. ಸಿಳ್ಳೆಯಿಲ್ಲ, ಸದ್ದಿಲ್ಲ. ಎರಡೂ ಮೂಲೆಗೆ ಸೇರಿಕೊಂಡು ಕೂತಿವೆ. ಬೆಳಿಗ್ಗೆ ಹಾಕಿದ ಒಣಹುಲ್ಲು ಹಾಗೇ ಇದೆ. ಹೆಸರು ಹಿಡಿದು ಕರೆದೆ. ಡಚ್ಚಿನಲ್ಲಿ ಕರೆದೆ, ಕನ್ನಡದಲ್ಲೂ ಕರೆದೆ. ಅವು ಕದಲಲಿಲ್ಲ. ಒಂದು ಹಿಡಿ ಎಂದಿದ್ದಕ್ಕೆ ನಾವು ಮೂವರೂ ಸೇರಿ ತಿನ್ನಿಸಿ ತಿನ್ನಿಸಿ ಹೊಟ್ಟೆ ಕೆಡಿಸಿಬಿಟ್ಟೆವು ಎಂದುಕೊಂಡು, ಸೊಪ್ಪಿದ್ದ ಫ್ರಿಜ್ಜಿನ ಬಾಗಿಲನ್ನೇ ಮುಟ್ಟಲಿಲ್ಲ. ಪ್ರಾಣಿವೈದ್ಯರ ತುರ್ತು ನಂಬರಿಗೆ ಫೋನ್ ಮಾಡಿದರೆ, ಅಲ್ಲಿ ಫೋನ್ ಎತ್ತಿದ ಹುಡುಗಿ ಶಾಂತವಾಗಿ, ಹಿಕ್ಕೆ ಹಾಕಿವೆಯೇ ನೋಡಿ ಎಂದಳು. ಜನ್ಮದಲ್ಲಿ ನಾಯಿಯ ಹತ್ತಿರ ಸುಳಿಯದ ನಾನು ನೆಲಕ್ಕೆ ಮೊಣಕಾಲೂರಿ, ಮೊಬೈಲಿನ ಬೆಳಕು ಬಿಟ್ಟು ಹಿಕ್ಕೆ ಹುಡುಕಿದೆ. ಇತ್ತು. ಹಾಗಾದರೆ ಸಂಜೆಯವರೆಗೆ ನೋಡಿ, ತಿನ್ನದಿದ್ದರೆ ಕರೆದುಕೊಂಡು ಬನ್ನಿ ಎಂದಳು.

ಆ ಮಧ್ಯಾಹ್ನ ನಾನು ಪಟ್ಟ ಪಾಡು ಯಾರಿಗೂ ಬೇಡ. ಮರೈಕೆಗೆ ಏನೆಂದು ಹೇಳುವುದು? ಮಗಳ ಮುಖ ಹೇಗೆ ನೋಡುವುದು? ಕರಿಯದು ಒಮ್ಮೆ ನನ್ನ ಕಡೆ ನೋಡಿ ಮತ್ತೆ ಮುಖ ತಿರುಗಿಸಿತು. ನಾನು ಕುರ್ಚಿಯನ್ನು ಗೂಡಿನ ಪಕ್ಕಕ್ಕೇ ಎಳೆದುಕೊಂಡು ಕೂತೆ. ಕೊನೆಗೆ ನಮ್ಮ ಮನೆಯವರು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಮಾಡಿದೆ. ಗೂಡಿನ ಮುಂದೆ ನಿಂತು ಕೈಮುಗಿದು, “ನಂಜನಗೂಡಿನ ನಂಜುಂಡಪ್ಪಾ, ಇವೆರಡನ್ನೂ ಉಳಿಸಿಕೊಡು. ಅನಘಾ ಯಾವ ಪ್ರಾಣಿ ಕೇಳಿದರೂ ಮನೆಗೆ ತರ್ತೀನಿ,” ಎಂದು ಹರಕೆ ಹೊತ್ತುಬಿಟ್ಟೆ.

ಸಂಜೆ ಬಾಗಿಲ ಸದ್ದಾಯಿತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅನಘಾ ಗೂಡಿನ ಮುಂದೆ ಕುಕ್ಕರಿಸಿ ಅಳತೊಡಗಿದಳು. ಸುಮನಾ ಮಾತ್ರ ಫ್ರಿಜ್ಜು ತೆಗೆದು, ಮಣೆಯಿಟ್ಟು, ಟಕಟಕನೆ ಕೊತ್ತಂಬರಿ ಹೆಚ್ಚಿದಳು. ಸಿಳ್ಳೆ! ಮೂಲೆಯಿಂದ ಎರಡೂ ಬಾಣದ ಹಾಗೆ ಬಂದವು. ಆಗಿದ್ದಿಷ್ಟೇ: ಕೊನೆಗೆ ಪಾಯಸ ಬರುತ್ತದೆಂದು ಗೊತ್ತಿರುವ ನೆಂಟರು ಅನ್ನ ಮುಟ್ಟದೆ ಕೂರುವಂತೆ ಅವು ಹುಲ್ಲು ಬಿಟ್ಟು ಕೂತಿದ್ದವು. ನಾನು ಪಿಜ್ಜಾ ತಿಂದದ್ದರಿಂದ ಅವತ್ತು ಮನೆಯಲ್ಲಿ ಹೆಚ್ಚುಮಣೆಯ ಸದ್ದೇ ಇರಲಿಲ್ಲವಲ್ಲ! ನಾನು ಕುರ್ಚಿಯಲ್ಲಿ ಕುಸಿದು ಕೂತೆ. ಬೋರ್ಡ್ ಪರೀಕ್ಷೆ ಪಾಸಾದ ದಿನವೂ ಅಷ್ಟು ಹಗುರಾಗಿರಲಿಲ್ಲ.

ಆದರೆ ಹರಕೆ? ಸುಮನಾಳಿಗೆ ಹೇಳಿದೆ, ಅವಳು ಅನಘಾಳಿಗೆ ಹೇಳಿದಳು. ನಾನು ನಾಯಿಗೆ ಸಿದ್ಧನಾಗಿ, ಮಳೆಯ ಕೋಟನ್ನೂ ನೆನಪಿಸಿಕೊಂಡು ಕಾದೆ. ಅಷ್ಟು ದಿನ ಗೂಡು ತೊಳೆದ ನನ್ನ ಮಗಳು ಸೊಂಟದ ಮೇಲೆ ಕೈಯಿಟ್ಟು, “ನೋ ಪಪ್ಪಾ, ದೇ ಪೂಪ್ ಆಲ್ ಡೇ. ಮರೈಕೆ ಮನೇಲೇ ಇರ್ಲಿ, ಐ ವಿಲ್ ವಿಸಿಟ್,” ಅಂದಳು. ಅವಳ ಬಾಯಿಂದ ಎರಡು ಕನ್ನಡದ ಮಾತು, ನನಗೆ ಬಿಡುಗಡೆ, ಎರಡೂ ಒಟ್ಟಿಗೆ ಬಂದವು. ನಂಜುಂಡಪ್ಪ ಕೇಳಿದ್ದನ್ನು ಕೊಟ್ಟು, ಕೊಡಬೇಕಾದ್ದನ್ನು ಮಾಫಿ ಮಾಡಿದ ಎಂದು ಅತ್ತೆಗೂ ಸಂತೋಷದಿಂದ ವರದಿ ಒಪ್ಪಿಸಿದೆ. ಅವರು ಒಪ್ಪಲಿಲ್ಲ. “ಹರಕೆ ಅಂದ್ಮೇಲೆ ಸುಮ್ನೆ ಬಿಡೋಕಾಗಲ್ಲ ಅಳಿಯಂದ್ರೇ, ಏನಾದ್ರೂ ಒಪ್ಪಿಸ್ಬೇಕು,” ಅಂದರು.

ಮರೈಕೆ ಬಂದರು, ಗೂಡು ಹೋಯಿತು. ಅವುಗಳ ಮೈ ತುಂಬಿಕೊಂಡದ್ದನ್ನು ನೋಡಿ ಅವರು ಡಬ್ಬದ ಮುಚ್ಚಳ ಮತ್ತೆ ತೆಗೆದು ಇನ್ನೊಂದು ಬಿಸ್ಕತ್ತು ಕೊಟ್ಟರು. ಮರುದಿನ ಅಡುಗೆ ಸರದಿ ನನ್ನದು. ಇನ್ನು ನಿಶ್ಚಿಂತೆ ಎಂದುಕೊಂಡು ಮಣೆಯ ಮೇಲೆ ಕೊತ್ತಂಬರಿಯಿಟ್ಟು ಟಕ್ ಎಂದು ಒಮ್ಮೆ ಹೆಚ್ಚಿದೆ. ಗೋಡೆಯಾಚೆಯಿಂದ ಸಿಳ್ಳೆ ಬಂತು. ಚಾಕು ಎತ್ತಿದೆ, ನಿಂತಿತು. ಮತ್ತೆ ಟಕ್ ಎನ್ನಿಸಿದೆ, ಎರಡೂ ಸೇರಿ ಕೂಗಿದವು. ಸಾರು ಒಲೆಯ ಮೇಲೆ ಕುದಿಯುತ್ತಿತ್ತು. ನಾನು ಸೊಪ್ಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಮನೆಯ ಚಪ್ಪಲಿಯಲ್ಲೇ ಮಳೆಯಲ್ಲಿ ಓಡಿದೆ.

ಈಗ ಇದು ದಿನಾ ಸಂಜೆಯ ಕೆಲಸ. ಹರಕೆ ತೀರಿಸುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಿಕೊಂಡಿದ್ದೇನೆ. ನಮ್ಮ ಸಾರಿಗೆ ಬರೀ ಕಡ್ಡಿ ಬೀಳುತ್ತದೆ. ಮೊನ್ನೆ ನಾನು ಕೋಟು ಹಾಕಿಕೊಳ್ಳದೆ ಹೊರಟದ್ದನ್ನು ನೋಡಿ ಸುಮನಾ ಮಗಳಿಗೆ ಹೇಳುತ್ತಿದ್ದಳು: “ನೋಡೇ, ಮರೈಕೆ ಮನೆ ಗಿನಿ ಪಿಗ್‌ಗಳು ತಮ್ಮ ಹೌಸ್‌ಡೀರನ್ನ ಎಷ್ಟು ಚೆನ್ನಾಗಿ ಪಳಗಿಸಿವೆ. ಒಂದು ಸಿಳ್ಳೆ ಹೊಡೆದ್ರೆ ಸಾಕು, ಎಲ್ಲಿದ್ರೂ ಓಡಿಹೋಗುತ್ತೆ.”