ಧರೆಪ್ಪನ ಪಾಂಜರಪೋಳಕ್ಕೆ ಸಾಹುಕಾರರು ಬಂದದ್ದು

ಅಕ್ಕಲಕೋಟೆಯ ಪೇಟೆಯ ಅಂಚಿನಲ್ಲಿ ಮುದಿ ದನಗಳಿಗಾಗಿ ಧರೆಪ್ಪ ನಡೆಸುತ್ತಿದ್ದ ಪಾಂಜರಪೋಳದಲ್ಲಿ ಜಾಗ ಸಾಲದಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಆತ ದೇವರ ಹೆಸರು ಹೇಳಿ ತನ್ನ ಹಿತ್ತಿಲಿನಲ್ಲೇ ತಗಡಿನ ಚಪ್ಪರ ಹಾಕಿದ್ದ. ಇನ್ನೂ ವರ್ಷ ತುಂಬಿರಲಿಲ್ಲ. ಪೇಟೆ ಬೆಳೆಯುತ್ತಿತ್ತು. ಗಾಡಿ ಹೊಡೆಯುತ್ತಿದ್ದವರು ಅಂಗಡಿ ಇಟ್ಟರು, ಸೊಲ್ಲಾಪುರದ ಗಿರಣಿ ಸೇರಿದರು. ಅವರ ಎತ್ತುಗಳು ಧರೆಪ್ಪನ ಪಾಲಿಗೆ ಬಂದವು. ಡಬ್ಬಿಯಲ್ಲಿ ಹಪ್ಪಳ ಜೋಡಿಸಿದಂತೆ ಚಪ್ಪರದಲ್ಲಿ ನಿಂತವು. ಹಿಡಿಯದೆ ಉಳಿದವು ಬಿಸಿಲಿಗೆ ನಿಂತವು. ಮಳೆಗಾಲ ಬಾಗಿಲಿಗೆ ಬಂದಿತ್ತು. ನೆನೆದರೆ ಆ ಮುದಿ ಜೀವಗಳು ಉಳಿಯಲಾರವು ಎಂಬುದೇ ಧರೆಪ್ಪನ ಚಿಂತೆ.

ಸೊಲ್ಲಾಪುರದ ಅರಳೆ ವ್ಯಾಪಾರಿ ಭೀಮಶಾ ಸಾಹುಕಾರರು ಹುಣ್ಣಿಮೆಗೊಮ್ಮೆ ಅಕ್ಕಲಕೋಟೆಗೆ ದರ್ಶನಕ್ಕೆ ಬರುವವರು. ದೊಡ್ಡ ಚಪ್ಪರಕ್ಕಾಗಿ ಧರೆಪ್ಪ ಅವರ ಕಾಲು ಹಿಡಿದಿದ್ದ.

"ಬರೂ ಹುಣ್ಣಿವಿಗಿ ಬಂದು ನೋಡ್ತೀನಿ. ನೀ ಹೇಳಿದಷ್ಟು ದನದ ಗರ್ದಿ ಖರೇ ಇದ್ರ ದೊಡ್ಡ ಚಪ್ಪರ ಹಾಕಸೂದು ನನ್ನ ಕಡಿ" ಎಂದಿದ್ದರು ಅವರು.

ಆ ಹುಣ್ಣಿಮೆ ಕಾರಹುಣ್ಣಿಮೆ, ಎತ್ತುಗಳ ಹಬ್ಬ. ಬಿಟ್ಟುಹೋದವರಿಗೆ ಅಂದು ಎತ್ತು ನೆನಪಾದೀತೆಂದು ಧರೆಪ್ಪನಿಗೆ ಹೊಳೆದಿರಲಿಲ್ಲ.

ಬೆಳಗಾಗುತ್ತಲೇ ಕಿರಾಣಿ ಅಂಗಡಿಯ ರಾಚಪ್ಪ ಹೊಸ ಹಗ್ಗ ಹಿಡಿದು ಬಂದ.

"ಧರೆಪ್ಪಣ್ಣಾ, ನಮ್ಮ ಎತ್ತ ಬಿಚ್ಚು."

"ಅಬಬಾ, ನಿಮ್ಮ ಎತ್ತ! ಬಿಟ್ಟು ಹೋದಾಗಿಂದ ಒಂದು ಹಿಡಿ ಕಣಕಿ ಮೇವು ತಂದಿಯೇನೋ?"

"ಇವತ್ತ ಕಾರಹುಣ್ಣಿವಿ! ಮನ್ಯಾಗ ಎತ್ತ ಇಲ್ಲ. ಅಂಗಡಿ ತಕ್ಕಡಿಗಿ ಕೋಡು ಹಚ್ಚಿ ಪೂಜಾ ಮಾಡ್ಲೇನು?"

ಒಂದು ಎತ್ತು ಹೋದರೇನು ಎಂದು ಧರೆಪ್ಪ ಬಿಚ್ಚಿಕೊಟ್ಟ. ರಾಚಪ್ಪನ ಬಾಗಿಲಲ್ಲಿ ಎತ್ತು ಕಂಡದ್ದೇ ತಡ, ಮನೆಯಲ್ಲಿ ಗೊರಸಿನ ಗುರುತೂ ಇಲ್ಲದವರೆಲ್ಲ ಓಡಿ ಬಂದರು. ಇಬ್ಬರಂತೂ ಒಂದೇ ಎತ್ತಿನ ಒಂದೊಂದು ಕೋಡು ಹಿಡಿದು ಜಗಳಾಡಿದರು. ಊಟದ ಹೊತ್ತಿಗೆ ಚಪ್ಪರದಲ್ಲಿ ಉಳಿದದ್ದು ಧರೆಪ್ಪ ಮತ್ತು ನೊಣಗಳು.

ಆದರೂ ಅವನ ಧೈರ್ಯ ಕುಂದಲಿಲ್ಲ. ಸಾಹುಕಾರರು ಬರುವಷ್ಟರಲ್ಲಿ ಅರ್ಧದಷ್ಟಾದರೂ ತಂದೇನೆಂದು ಮನೆಮನೆಗೆ ಹೊರಟ.

"ಕೋಡಿನ ಬಣ್ಣ ಇನ್ನೂ ಹಸಿ ಐತಿ, ಮುಟ್ಟಬ್ಯಾಡ" ಎಂದ ರಾಚಪ್ಪ.

"ಹೋಳಿಗಿ ತಿನ್ನಾಕತ್ತೈತಿ. ಉಣ್ಣೂ ಜೀವಾನ ಎಬ್ಬಸ್ತಾರೇನು, ನಿನಗ ದಯಾ ಧರ್ಮ ಇಲ್ಲೇನು?" ಎಂದಳು ಪಕ್ಕದ ಬಾಗಿಲಿನ ಅಕ್ಕನಾಗಮ್ಮ.

ಕೊನೆಗೆ ನೆರೆಮನೆಯ ರೇವಮ್ಮನಿಗೆ ಕನಿಕರ ಬಂತು. "ನನ್ನ ಎಮ್ಮಿ ಒಯ್ಯಣ್ಣ. ಇವತ್ತ ಅದನ್ನ ಯಾರೂ ಕೇಳಂಗಿಲ್ಲ."

ಚಪ್ಪರದ ತನಕ ಎಮ್ಮೆ ಮದುಮಗಳಂತೆ ಬಂತು. ಮೋಟಾರಿನ ಹಾರ್ನು ಕೇಳಿದ್ದೇ ಕಣ್ಣಿ ಕಿತ್ತುಕೊಂಡು, ಧರೆಪ್ಪನನ್ನು ಸಗಣಿಯಲ್ಲಿ ಕೆಡವಿ, ಅವನ ತಲೆಯ ರುಮಾಲನ್ನು ಕೋಡಿಗೆ ಸುತ್ತಿಕೊಂಡು ಓಡಿತು.

ಭೀಮಶಾ ಸಾಹುಕಾರರು ಒಳಗೆ ಬಂದಾಗ ಕಂಡದ್ದು ಬರಿಯ ಚಪ್ಪರ, ನಡುವೆ ಬರಿತಲೆಯ ಧರೆಪ್ಪ.

"ಎಲ್ಲೈತೋ ಗರ್ದಿ?"

"ಎಲ್ಲಾ ಹಬ್ಬದ ಊಟಕ್ಕ ಹೋಗ್ಯಾವ್ರಿ, ಸಾಹುಕಾರ್ರ!"

ಸಾಹುಕಾರರು ಸಿಟ್ಟಾಗಲಿಲ್ಲ. ಅವರ ಮುಖ ಅರಳಿತು. "ನಾಚಬ್ಯಾಡೋ. ದೇವರು ನಿನಗ ಇಷ್ಟು ಜಾಗಾ ಕೊಟ್ಟಾನ! ಮಂದ್ರೂಪದಿಂದ ಮಾಲು ತರೂ ಎತ್ತಿನ ಗಾಡಿ ಎಲ್ಲಾ ಮಾರಿ ನಾ ಮೋಟಾರ್ ಲಾರಿ ತಗೊಂಡೀನಿ. ಮುದಿ ಎತ್ತಿಗಿ ಸೊಲ್ಲಾಪುರದಾಗ ಎಲ್ಲಿ ಕೇಳಿದ್ರೂ ಜಾಗಾ ಇಲ್ಲ. ದೇವರ ಊರಾಗ ಯಾರರೆ ಇಟ್ಟಕೊಂಡಾರು ಅಂತ ಹೊಡಿಸಿಕೊಂಡು ಬಂದೀನಿ."

ಬೇಲಿಯಾಚೆ ಎತ್ತುಗಳ ಸಾಲೊಂದು ಕುಂಟುತ್ತ ನಿಂತಿತ್ತು. ಬೇಡವೆನ್ನಲು ಧರೆಪ್ಪ ಬಾಯಿ ತೆರೆದ. ಮುಂದಿದ್ದ ಎತ್ತು ಅವನ ಅಂಗೈ ನೆಕ್ಕಿತು. ಆತ ಬೇಲಿಯ ಬಾಗಿಲು ತೆರೆದ. ಸಾಹುಕಾರರು ದರ್ಶನಕ್ಕೆ ಹೋದರು.

ಸಂಜೆ ಹಬ್ಬ ಮುಗಿದದ್ದೇ ಊರ ಎತ್ತುಗಳು ಬಣ್ಣದ ಕೋಡು ಹೊತ್ತು ತಿರುಗಿ ಬಂದವು. "ತಗೋ, ನಿನ್ನ ಎತ್ತ" ಎಂದು ರಾಚಪ್ಪ ಒಳಗೆ ತಳ್ಳಿ, ಹೊಸ ಹಗ್ಗವನ್ನು ಮಾತ್ರ ಬಿಚ್ಚಿಕೊಂಡು ನಡೆದ.

ಧರೆಪ್ಪನಿಗೆ ಸಂತೋಷವೇ ಆಯಿತು. "ರೇವಮ್ಮಾ, ಸಾಹುಕಾರ್ರು ಇದೇ ಹಾದಿಲೆ ತಿರುಗಿ ಬರ್ತಾರ. ಎತ್ತಿನ ಮ್ಯಾಲ ಎತ್ತು ನೋಡ್ಲಿ! ಚಪ್ಪರ ಆತಂತ ತಿಳಿ."

ಅಷ್ಟರಲ್ಲಿ ಗುಡುಗಿ, ವರ್ಷದ ಮೊದಲ ಮಳೆ ಸುರಿಯಿತು. ಹೊರಗೆ ನಿಂತ ಎತ್ತುಗಳು ನಡುಗತೊಡಗಿದವು. ಧರೆಪ್ಪನಿಗೆ ನೋಡಲಾಗಲಿಲ್ಲ. ಚಪ್ಪರದಲ್ಲಿ ಒಂದಕ್ಕೊಂದು ಒತ್ತಿ ನಿಲ್ಲಿಸಿದ. ಪಡಸಾಲೆಗೆ ಹೊಗಿಸಿದ, ಅಡುಗೆಮನೆಗೆ ಹೊಗಿಸಿದ. ಕೈಮುಗಿದು ದೇವರ ಜಗಲಿಯ ಮುಂದೆಯೂ ಒಂದಕ್ಕೆ ಜಾಗ ಮಾಡಿದ. ಕೊನೆಯ ಬಾಲ ಒಳಗಾದಾಗ ಅವನಿಗೇ ಕಾಲಿಡಲು ಎಡೆಯಿರಲಿಲ್ಲ.

ಮೋಟಾರು ಬಂದು ನಿಂತಿತು. ಮೈಯಿಂದ ನೀರಿಳಿಸುತ್ತ ಹೊರಗೆ ನಿಂತಿದ್ದ ಧರೆಪ್ಪ, ಕುಸ್ತಿ ಗೆದ್ದವನಂತೆ ಕೈ ಬೀಸಿದ. "ಈಗ ನೋಡ್ರಿ ಸಾಹುಕಾರ್ರ!"

ಸಾಹುಕಾರರು ತಲೆ ಹೊರಗೆ ಹಾಕಿ ಹಿತ್ತಿಲ ತುಂಬ ಕಣ್ಣಾಡಿಸಿದರು. ಮಳೆಯಲ್ಲಿ ಒಂದು ದನವೂ ಕಾಣಲಿಲ್ಲ.

"ಶಾಬಾಸ್! ನನ್ನವು, ಊರವು, ಎಲ್ಲಾ ಹಿಡದಾವಲ್ಲೋ! ಇದಕ್ಕಿಂತ ದೊಡ್ಡ ಚಪ್ಪರ ಯಾಕ ಬೇಕು?" ಎಂದು ಹೊರಡುವಂತೆ ಡ್ರೈವರನಿಗೆ ಸನ್ನೆ ಮಾಡಿದರು. ಆಮೇಲೆ ಕಾಳಜಿಯಿಂದ ತಿರುಗಿ ನೋಡಿ, "ಮತ್ತ ನೀ ಯಾಕ ತೊಯ್ಸಿಕೊಂಡು ನಿಂತಿ? ಒಳಗ ಹೋಗೋ, ಅಷ್ಟು ಜಾಗಾ ಐತಿ" ಎಂದರು.