ಕಾಂಡ್ಲಾ ಕಾಡಿನಲ್ಲಿ ಬೀಗರ ಮರ್ಯಾದೆ

ನೀರು ಎಂದರೆ ನನಗೆ ಹೆದರಿಕೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದಿದವರು ನಂಬಲಿಕ್ಕಿಲ್ಲ. ಹುಡುಗನಿದ್ದಾಗ ಘಟಪ್ರಭೆಯಲ್ಲಿ ಎಮ್ಮೆಯ ಬಾಲ ಹಿಡಿದು ಆಚೆ ದಡ ಮುಟ್ಟಿದವನು ನಾನು. ಈಜಿದ್ದು ಎಮ್ಮೆ ಎಂಬುದು ಬೇರೆ ಮಾತು. ಆದ್ದರಿಂದ ಮಹಾಂತೇಶ ಕಾರವಾರದಿಂದ ಫೋನು ಮಾಡಿ, "ಕಾಕಾ, ರವಿವಾರ ಮುಂಜಾನಿ ಎಲ್ಲಾರೂ ಕಯಾಕ್‌ನ್ಯಾಗ ಕಾಂಡ್ಲಾ ಕಾಡು ನೋಡಾಕ ಹೋಗೂಣ್ರಿ. ಅರ್ಧಾ ದಿನದ್ದು, ಸಂಗಾಟ ಗೈಡ್ ಇರ್ತಾನ," ಎಂದಾಗ, ಕಯಾಕ್ ಎಂದರೆ ಏನೆಂದೂ ಕೇಳದೆ ಹೂಂ ಎಂದುಬಿಟ್ಟೆ.

ಮಹಾಂತೇಶನಿಗೆ ಇಲ್ಲ ಎನ್ನುವ ಹಾಗೂ ಇರಲಿಲ್ಲ. ಕಾರವಾರದ ಬ್ಯಾಂಕೊಂದರಲ್ಲಿ ನೌಕರಿ, ಹುಕ್ಕೇರಿಯ ಬೆಲ್ಲದ ವ್ಯಾಪಾರಿ ಶಿವಪುತ್ರಪ್ಪನವರ ಮಗ. ನನ್ನ ಮಗಳು ಸುಧಾಳನ್ನು ನೋಡಿ ಹೋಗಿದ್ದ. ಮೂಡಲಗಿಯ ನಮ್ಮ ಮನೆಯಲ್ಲಿ ಚುರುಮುರಿಯ ಸೂಸಲಾ, ಚಹಾ, ನನ್ನ ಘಟಪ್ರಭೆಯ ಈಜಿನ ಕಥೆ ಎಲ್ಲ ಮುಗಿದಿತ್ತು. ಹುಡುಗ ಹುಡುಗಿ ಮೆಚ್ಚಿಕೊಂಡಂತೆ ಕಾಣುತ್ತಿತ್ತು. ಶಿವಪುತ್ರಪ್ಪನವರ ಬಾಯಿಂದ ಒಂದು 'ಹೂಂ' ಬರುವುದು ಬಾಕಿ ಇತ್ತು. "ಮತ್ತೊಮ್ಮೆ ಕುಂತು ಮಾತಾಡೂಣು," ಎಂದಿದ್ದರು. ಅವರ ಹೆಂಡತಿ ಗಂಗಕ್ಕನಿಗೆ ಸಮುದ್ರ ನೋಡುವ ಆಸೆ. ಹಾಗಾಗಿ ಆ ಕೂತು ಮಾತಾಡುವ ಕಾರ್ಯಕ್ರಮ ಕಾರವಾರದಲ್ಲಿ, ನೀರಿನ ಮೇಲೆ ಎಂದು ನಿಶ್ಚಯವಾಯಿತು.

ಹೊರಡುವ ಹಿಂದಿನ ದಿನ ನನ್ನ ಹೆಂಡತಿ ಸುವರ್ಣಾ ರೊಟ್ಟಿ ಬಡಿಯುತ್ತಲೇ ನನಗೆ ಉಪದೇಶ ಮಾಡಿದಳು.

"ಏನ್ರೀ, ಅಲ್ಲಿ ಬಾಯಿ ಬಿಡಬ್ಯಾಡ್ರಿ. ಅವ್ರು ಏನಂದ್ರೂ ಹೂಂ ಅನ್ರಿ. ರಾಯಬಾಗದ ಸಂಬಂಧಾ ಹ್ಯಾಂಗ ಮುರೀತು, ನೆನಪೈತೇನು?"

ನೆನಪಿತ್ತು. ಹುಡುಗನ ತಂದೆ ಹೊಲ ತೋರಿಸುತ್ತಿದ್ದಾಗ, "ಕಬ್ಬಿಗಿಂತಾ ಕಸಾನ ಭಾಳ ಐತಲ್ರೀ!" ಎಂದಿದ್ದೆ. ಗೊಬ್ಬರದ ಅಂಗಡಿ ಇಟ್ಟವನ ಕಣ್ಣಿಗೆ ಕಸ ಮೊದಲು ಕಾಣುತ್ತದೆ. ಆದರೆ ಕಂಡದ್ದನ್ನೆಲ್ಲ ಆಡಬಾರದು ಎಂಬುದು ಮನೆಗೆ ಬಂದ ಮೇಲೆ ಗೊತ್ತಾಯಿತು. ಈ ಸಲ ಮಾತಿಲ್ಲ, ಬರೀ ಮರ್ಯಾದೆ ಎಂದು ಶಪಥ ಮಾಡಿದೆ. ಶಿವಪುತ್ರಪ್ಪನವರಿಗೆ ಎಷ್ಟು ಮರ್ಯಾದೆ ಕೊಡಬೇಕೆಂದರೆ, ಅದರ ಭಾರಕ್ಕೇ ಅವರು ಹೂಂ ಅನ್ನಬೇಕು!

ಕಾಂಡ್ಲಾ ಕಾಡು ಎಂದರೆ ಉಪ್ಪುನೀರು ಹೊಳೆಯೊಳಗೆ ಏರಿ ಬರುವ ಕಡೆ, ಕೆಸರಿನಲ್ಲೇ ಹುಟ್ಟಿ ಕೆಸರಿನಲ್ಲೇ ಬೆಳೆಯುವ ಮರಗಳ ಕಾಡು. ಬೇರು ನೆಲದೊಳಗಿರದೆ ಮೇಲೆದ್ದು ನಿಂತಿರುತ್ತವೆ. ದಡದಲ್ಲಿ ಗೈಡ್ ಗುರುದಾಸ ಸೀಟಿ ಕೊರಳಿಗೆ ಹಾಕಿಕೊಂಡು ನಿಂತಿದ್ದ. ನನ್ನ ಧೋತರ, ಶಿವಪುತ್ರಪ್ಪನವರ ಧೋತರ, ಎರಡನ್ನೂ ನೋಡಿ, "ಚಡ್ಡಿ ತಂದಿಲ್ವಾ?" ಎಂದು ಕೇಳಿದ.

ಬೀಗರಾಗಬೇಕಾದವರ ಎದುರು ಚಡ್ಡಿ! ನಾವಿಬ್ಬರೂ ಕೇಳಿಸಲೇ ಇಲ್ಲವೆಂಬಂತೆ ಆಕಾಶ ನೋಡಿದೆವು. ಧೋತರದ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಅದರ ಮೇಲೆ ಟೊಪ್ಪಿಗೆ, ಹಣೆಯಲ್ಲಿ ವಿಭೂತಿ.

ಮುಂದಿನ ತೊಡಕು ಜೋಡಿಯದು. ಕಯಾಕ್ ಎಂಬ ಆ ಸಪೂರ ದೋಣಿ ಒಂದರಲ್ಲಿ ಇಬ್ಬರಿಗಷ್ಟೇ ಜಾಗ. ಗುರುದಾಸ ಸಹಜವಾಗಿ ಮಹಾಂತೇಶನನ್ನೂ ಸುಧಾಳನ್ನೂ ತೋರಿಸಿ, "ಇವರಿಬ್ರೂ ಒಂದರಲ್ಲಿ," ಎಂದ.

"ಛೇ ಛೇ!" ಎಂದೆ ನಾನು.

"ನಿಶ್ಚೇ ಆಗೂದರೊಳಗಽ?" ಎಂದರು ಶಿವಪುತ್ರಪ್ಪ.

ಇಬ್ಬರ ಅಭಿಪ್ರಾಯ ಒಂದೇ ಆದದ್ದಕ್ಕೆ ನನಗೆ ಬಹಳ ಸಂತೋಷವಾಯಿತು. ಮಹಾಂತೇಶ ನನ್ನ ಹೆಂಡತಿಯ ಜೊತೆ, ಸುಧಾ ಗಂಗಕ್ಕನ ಜೊತೆ, ನಾವು ಹಿರಿಯರಿಬ್ಬರು ಮೂರನೆಯದರಲ್ಲಿ ಎಂದು ತೀರ್ಪು ಕೊಟ್ಟೆವು. ಅವರು ನಾಲ್ವರೂ ಹತ್ತಿ ಕೂತು, ನಾಲ್ಕು ಸಲ ಹುಟ್ಟು ಹಾಕಿ ಹೊಳೆಯ ನಡುವಿಗೆ ಹೋಗಿಯೇಬಿಟ್ಟರು. ರೊಟ್ಟಿ ಬಡಿದ ಕೈಗೆ ಹುಟ್ಟು ಹಾಕುವುದು ಕಷ್ಟವಲ್ಲವಂತೆ.

ನಾವು ಇನ್ನೂ ದಡದಲ್ಲೇ ಇದ್ದೆವು.

"ಹತ್ರಿ, ನೀವ್ ಮೊದಲ."

"ಛೇ, ಹುಡುಗಿ ಕಡ್ಯಾವ್ರು ನೀವು. ನೀವ್ ಹತ್ರಿ."

"ಹಂಗಲ್ರೀ, ವಯಸ್ಸಿನಾಗ ನೀವ್ ಹಿರ್ಯಾರು."

"ವಯಸ್ಸಿಂದೇನ್ರಿ, ಒಂದೆರಡ ವರ್ಷ ಹಿಂದ ಮುಂದ."

ಗುರುದಾಸ ಸೀಟಿ ಊದಿದ. "ಮಾರಾಯ್ರೇ, ಈಗ ನೀರು ತುಂಬಿದೆ. ಇನ್ನು ಇಳೀಲಿಕ್ಕೆ ಶುರುವಾಗ್ತದೆ. ಇಳಿದ್ರೆ ಒಳಗೆ ಬರೀ ಕೆಸರು. ಯಾರಾದ್ರೂ ಒಬ್ರು ಹತ್ತಿ!"

ಹೊಳೆಯ ನೀರು ಮಧ್ಯಾಹ್ನದೊಳಗೆ ಇಳಿದುಹೋಗುತ್ತದೆಯೇ? ಘಟಪ್ರಭೆಯಲ್ಲಿ ನೀರು ಇಳಿಯಬೇಕೆಂದರೆ ಬೇಸಿಗೆ ಬರಬೇಕು. ಅವಸರ ಮಾಡಲು ಹೇಳುವ ಸುಳ್ಳು ಎಂದುಕೊಂಡು ನಾನು ಮರ್ಯಾದೆ ಮುಂದುವರಿಸಿದೆ. ಕೊನೆಗೆ ಗುರುದಾಸನೇ ಇಬ್ಬರ ರಟ್ಟೆ ಹಿಡಿದು ಹತ್ತಿಸಿದ.

ಹತ್ತಿದ ಮೇಲೆ ತಿಳಿಯಿತು, ಅಸಲಿ ಸಂಕಟ ಬೇರೆಯೇ ಇದೆ ಎಂದು. ಕಯಾಕಿನಲ್ಲಿ ಒಬ್ಬರ ಹಿಂದೆ ಒಬ್ಬರು ಕೂಡಬೇಕು. ಅಂದರೆ ಮುಂದೆ ಕೂತವನು ಹಿಂದಿನವನಿಗೆ ಬೆನ್ನು ಕೊಡಲೇಬೇಕು. ನಮ್ಮ ಕಡೆ ಬೀಗರಿಗೆ ಬೆನ್ನು ಕೊಟ್ಟು ಕೂಡುವುದೆಂದರೆ ಊಟಕ್ಕೆ ಕರೆದು ಎಲೆ ಎಳೆದುಕೊಂಡ ಹಾಗೆ. ಶಿವಪುತ್ರಪ್ಪ ಮುಂದೆ ಕೂಡಲು ಒಪ್ಪಲಿಲ್ಲ. "ನಿಮಗ ಬೆನ್ನ ತೋರಿಸಿ ಹ್ಯಾಂಗ ಕುಂದರ್ಲಿ?" ಎಂದರು. ನಾನೂ ಒಪ್ಪಲಿಲ್ಲ. ಆಗ ನನ್ನ ತಲೆಯಲ್ಲಿ ಒಂದು ಬೆಳಕು ಹೊಳೆಯಿತು. ಮುಂದಿನ ಜಾಗದಲ್ಲಿ ಕೂತೆ, ಆದರೆ ಮುಖ ಹಿಂದಕ್ಕೆ ಮಾಡಿ, ಬೀಗರ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ!

"ತಿರುಗಿ ಕೂತ್ಕೊಳ್ಳಿ!" ಎಂದು ಕೂಗಿದ ಗುರುದಾಸ.

"ಆಗೂದಿಲ್ಲಪಾ," ಎಂದೆ.

ಶಿವಪುತ್ರಪ್ಪನವರ ಮುಖದಲ್ಲಿ ಮೆಚ್ಚುಗೆ ಕಂಡಿತು. ಹೂಂ ಇನ್ನೇನು ಬಂದೇಬಿಟ್ಟಿತು ಎನಿಸಿತು. ಗುರುದಾಸ ಏನೋ ಕೊಂಕಣಿಯಲ್ಲಿ ಅಂದು, ಆಗಲೇ ದೂರ ಹೋಗಿದ್ದ ನಾಲ್ವರನ್ನು ಕಾಯಲು ತನ್ನ ದೋಣಿಯಲ್ಲಿ ಮುಂದೆ ಹೊರಟ. ಹೋಗುವಾಗ, "ನೇರ ಬನ್ನಿ. ಒಳಗಿನ ಸಣ್ಣ ಕವಲಿಗೆ ಹೋಗಬೇಡಿ," ಎಂದು ಹೇಳಿದ.

ನಾನು ಜೋರಾಗಿ ಹುಟ್ಟು ಹಾಕಿದೆ. ಬೀಗರೂ ಹಾಕಿದರು. ಅವರು ನನ್ನ ಕಡೆ ಹೋಗಲು ನೋಡಿದರು, ನಾನು ಅವರ ಕಡೆ. ದೋಣಿ ಬುದ್ಧಿವಂತಿಕೆಯಿಂದ ಎರಡೂ ಕಡೆ ಹೋಗದೆ ಇದ್ದಲ್ಲೇ ತಿರುಗತೊಡಗಿತು. ಆದರೂ ನಾವು ಮಾತು ನಿಲ್ಲಿಸಲಿಲ್ಲ.

"ಬೆಲ್ಲದ ಪ್ಯಾಟಿ ಹ್ಯಾಂಗೈತ್ರಿ?" ಎಂದೆ.

"ಪರವಾಗಿಲ್ರೀ. ನಿಮ್ಮ ಗೊಬ್ಬರಾ?"

"ನಡದೈತ್ರಿ."

ಒಂದು ಸುತ್ತಿಗೆ ಒಂದು ಪ್ರಶ್ನೆ. ನನ್ನ ಹುಟ್ಟಿನ ನೀರು ಅವರ ಮುಖಕ್ಕೆ, ಅವರದು ನನ್ನ ಮುಖಕ್ಕೆ. ಪ್ರತಿ ಸಲವೂ "ತಪ್ಪಾತ್ರಿ", "ಇರ್ಲಿ ಬಿಡ್ರಿ". ಇಳಿಯುತ್ತಿದ್ದ ನೀರು ನಮ್ಮನ್ನು ನಿಧಾನವಾಗಿ ಎಳೆದುಕೊಂಡು, ಹೋಗಬೇಡಿ ಎಂದಿದ್ದ ಆ ಸಣ್ಣ ಕವಲಿಗೇ ತಂದು ಬಿಟ್ಟಿತು. ಎರಡೂ ಕಡೆ ಕಾಂಡ್ಲಾ ಮರ, ಸುತ್ತ ಬೇರು. ಬಗ್ಗಿದ ಒಂದು ಬೇರಿನ ಚೂಪಿಗೆ ಬೀಗರ ಧೋತರದ ಸೆರಗು ಸಿಕ್ಕಿಕೊಂಡಿತು.

ದೋಣಿ ಮುಂದೆ ಹೋಯಿತು. ಧೋತರ ಬರಲಿಲ್ಲ. ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತ ಹಿಂದೆ ಉಳಿಯತೊಡಗಿತು. ಅದು ಬೀಗರಿಗೆ ತಿಳಿಯಿತು. ಹೇಳಲಿಲ್ಲ. ಹೊಸ ಸಂಬಂಧದವರ ಮುಂದೆ ಧೋತರದ ಮಾತು ಹೇಗೆ ಎತ್ತುವುದು? ನನಗೂ ಕಂಡಿತು. ನಾನೂ ಹೇಳಲಿಲ್ಲ. "ಈ ವರ್ಷ ಮಳಿ ಛಲೋ ಆತ್ರಿ," ಎಂದೆ. "ಹೌದ್ರಿ, ಛಲೋ ಆತು," ಎಂದರು, ಒಂದು ಕೈಯಲ್ಲಿ ಉಳಿದಷ್ಟು ಧೋತರ ಹಿಡಿದುಕೊಂಡು. ಮಳೆಯ ಮಾತು ಮುಗಿಯುವುದರೊಳಗೆ ಅದೂ ಕೈಬಿಟ್ಟು ಹೋಯಿತು.

ಹುಕ್ಕೇರಿಯ ಬೆಲ್ಲದ ವ್ಯಾಪಾರಿ ಶಿವಪುತ್ರಪ್ಪನವರು ಟೊಪ್ಪಿಗೆ, ವಿಭೂತಿ, ಲೈಫ್ ಜಾಕೆಟ್ ಮತ್ತು ಪಟ್ಟಾಪಟ್ಟಿ ಚಡ್ಡಿಯಲ್ಲಿ ನನ್ನ ಎದುರು ಕೂತಿದ್ದರು!

ಈಗ ಮರ್ಯಾದೆಯ ಕಾಯಿದೆಯೇ ತಿರುಗಿತು. ಇಷ್ಟು ಹೊತ್ತು ಮುಖ ತೋರಿಸುವುದು ಮರ್ಯಾದೆಯಾಗಿತ್ತು, ಈಗ ನೋಡದೆ ಇರುವುದು. ನಾನು ಬೀಗರ ಮಾನ ಕಾಯಲು ತಟ್ಟನೆ ಎದ್ದು ಬೆನ್ನು ತಿರುಗಿಸಿದೆ. ಕಯಾಕಿನಲ್ಲಿ ಎದ್ದು ನಿಲ್ಲಬಾರದು ಎಂದು ಗುರುದಾಸ ದಡದಲ್ಲಿ ಹೇಳಿದ್ದನಂತೆ. ಆಗ ನಾವು ಆಕಾಶ ನೋಡುತ್ತಿದ್ದೆವು.

ದೋಣಿ ಮಗುಚಿತು.

"ಅಯ್ಯೋ ಶಿವನೇ!" ಎಂದು ಬೀಗರು ಕೂಗಿದರು. ನಾನು ಕೈಕಾಲು ಬಡಿದೆ. ಬಡಿದದ್ದೆಲ್ಲ ಕೆಸರಿಗೆ ತಾಗಿತು. ನೀರು ಒಂದು ಮೊಳಕ್ಕಿಂತ ಹೆಚ್ಚಿರಲಿಲ್ಲ, ಅದರ ಕೆಳಗಿನ ಕೆಸರು ಮಾತ್ರ ಮೊಣಕಾಲಿನವರೆಗೆ ಇತ್ತು. ನಾವಿಬ್ಬರೂ ಎದ್ದು ನಿಂತೆವು. ನಿಂತೆವು ಅಷ್ಟೇ. ಕಾಲು ಕಿತ್ತರೆ ಬರಲಿಲ್ಲ.

"ನಿಮಗ ಈಸ ಬರ್ತೈತಿ ಅಂದಿದ್ರಲ್ರೀ?" ಎಂದರು ಬೀಗರು.

"ಬರ್ತೈತ್ರೀ. ಅದಕ್ಕ ನೀರ ಬೇಕಲ್ರೀ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬಾಯಿ ಬಿಡಬೇಡಿ ಎಂದು ಹೆಂಡತಿ ಹೇಳಿದ್ದಳಲ್ಲ! ಉಳಿದ ನೀರೂ ನಮ್ಮ ಕಣ್ಣೆದುರೇ ಸದ್ದಿಲ್ಲದೆ ಇಳಿದುಹೋಯಿತು. ಏಡಿಗಳು ಹೊರಗೆ ಬಂದು ನಮ್ಮನ್ನು ನೋಡಿ, ಇವರಿಂದ ಅಪಾಯವಿಲ್ಲ ಎಂದು ಖಾತ್ರಿ ಮಾಡಿಕೊಂಡು, ತಮ್ಮ ಕೆಲಸಕ್ಕೆ ಹೋದವು.

ಬೀಗರು ಆ ಏಡಿಗಳನ್ನೇ ನೋಡುತ್ತ ಹೇಳಿದರು, "ನಮ್ಮ ಮನೆತನದಾಗ ಮಂದಿ ಮುಂದ ಧೋತರಾ ಇಲ್ಲದಽ ಯಾರೂ ನಿಂತಿದ್ದಿಲ್ಲ."

ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಹುಡುಗ ಒಳ್ಳೆಯವನು. ಅವನ ಫೋನು ಬಂದಾಗಲೆಲ್ಲ ಸುಧಾ ಅಂಗಳಕ್ಕೆ ಹೋಗಿ ಮಾತಾಡಿ, ಒಳಗೆ ಬಂದ ಮೇಲೆ ಕಾರಣವಿಲ್ಲದೆ ನಗುತ್ತಿದ್ದಳು. ಇದೂ ನನ್ನಿಂದಲೇ ಮುರಿದುಬಿದ್ದರೆ ಆ ಮಗಳಿಗೆ ನಾನೇನು ಹೇಳಲಿ? ಆ ಕೆಸರಿನಲ್ಲಿ ಇನ್ನೂ ಸ್ವಲ್ಪ ಕೆಳಗೆ ಹೋದರೂ ಅಡ್ಡಿಯಿಲ್ಲ ಎನಿಸಿತು.

ಹಿಂದೆ ಬಾರದವರನ್ನು ಹುಡುಕುತ್ತ ಗುರುದಾಸ ಹಗ್ಗ ಹಿಡಿದು ದಡದ ಕಡೆಯಿಂದ ಬಂದ. "ಯಾರನ್ನ ಮೊದಲು ಎಳೀಲಿ?" ಎಂದು ಕೇಳಿದ.

"ಅವರನ್ನ," ಎಂದೆ ನಾನು.

"ಅವರನ್ನ," ಎಂದರು ಬೀಗರು.

ಗುರುದಾಸ ಎರಡನೆಯ ಸಲ ಕೇಳಲಿಲ್ಲ. ಇಬ್ಬರನ್ನೂ ಒಂದೇ ಹಗ್ಗಕ್ಕೆ ಕಟ್ಟಿ, ಇನ್ನಿಬ್ಬರು ಆಳುಗಳನ್ನು ಕರೆದು, ಒಟ್ಟಿಗೆ ಎಳೆಸಿದ. ಬೀಗರು ನನ್ನ ಮೇಲೆ ಬಿದ್ದರು, ನಾನು ಬೀಗರ ಮೇಲೆ ಬಿದ್ದೆ. ಆಗಲೂ ನಾನು "ತಪ್ಪಾತ್ರಿ" ಎಂದೆ. ಅವರು "ಇರ್ಲಿ ಬಿಡ್ರಿ" ಎನ್ನಲಿಲ್ಲ.

ದಡದಲ್ಲಿ ನಾಲ್ವರೂ ತಾಸಿನ ಹಿಂದೆಯೇ ಬಂದು, ಚಾಪೆ ಹಾಸಿ ಬುತ್ತಿ ಬಿಚ್ಚಿದ್ದರು. ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಅವರ ಮೈಯೆಲ್ಲ ಒಣಗಿತ್ತು. ಮಿಂಚುಳ್ಳಿ ನೋಡಿದೆವು, ನೀರುನಾಯಿ ನೋಡಿದೆವು ಎಂದು ಗಂಗಕ್ಕ ಹೇಳುತ್ತಿದ್ದರು. ನಮ್ಮನ್ನು ನೋಡಿ ಅವರ ಕೈಯ ತುತ್ತು ಅಲ್ಲೇ ನಿಂತಿತು. ಮಹಾಂತೇಶ ಎದ್ದು ಓಡಿಬಂದು ತನ್ನ ಟವೆಲ್ಲನ್ನು ಅಪ್ಪನ ನಡುವಿಗೆ ಸುತ್ತಿದ. ಸುವರ್ಣಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ನಾನು ಕೆಸರಿನ ಕೈಗಳನ್ನೇ ಜೋಡಿಸಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಭಾಷಣ ಶುರು ಮಾಡಿದೆ.

"ಬೀಗರ, ಆದದ್ದೆಲ್ಲಾ ನನ್ನಿಂದನಽ ಆತು. ಅದರ ಸಿಟ್ಟ ಹುಡುಗೋರ ಮ್ಯಾಲೆ ತೀರಿಸಬ್ಯಾಡ್ರಿ. ಈ ಸಂಬಂಧಾ..."

"ಸಂಬಂಧಾ ಗಟ್ಟಿ ಆತಲ್ರೀ!" ಎಂದರು ಗಂಗಕ್ಕ, ಚಟ್ನಿ ಹಚ್ಚುತ್ತ.

"ಯಾವಾಗ?" ನಾನೂ ಬೀಗರೂ ಒಂದೇ ಉಸಿರಿಗೆ ಕೇಳಿದೆವು.

"ದೋಣ್ಯಾಗ," ಎಂದಳು ಸುವರ್ಣಾ. "ಅರ್ಧಾ ದಾರಿ ತನಕಾ ನಾ ಹುಡುಗನ್ನ ಕೇಳೂದೆಲ್ಲಾ ಕೇಳಿದೆ. ಗಂಗಕ್ಕಾರು ಸುಧಾನ ಸಂಗಾಟ ಮಾತಾಡಿದ್ರು. ಆಮ್ಯಾಲೆ ಎರಡೂ ದೋಣಿ ಬಾಜೂಕ ಹಚ್ಚಿ, ಹೂಂ ಅಂದ್ವಿ. ಮದುವಿ ಹುಕ್ಕೇರ್ಯಾಗ, ನಿಶ್ಚೇ ಮೂಡಲಗ್ಯಾಗ."

ಬೀಗರು ಟವೆಲ್ಲು ಬಿಗಿಹಿಡಿದು, "ನಮ್ಮನ್ನ ಒಂದ ಮಾತ ಕೇಳೂದಿಲ್ಲೇನು?" ಎಂದರು.

"ಕೇಳೂಣು ಅಂತ ಹೊಳ್ಳಿ ನೋಡಿದ್ವಿ," ಎಂದರು ಗಂಗಕ್ಕ. "ದೂರಿಂದ ಕಾಣ್ತಿದ್ರಿ. ಇಬ್ರೂ ಗರಗರ ತಿರಗಾಕತ್ತಿದ್ರಿ. ತಿರಗೂದು ನಿಲ್ಲಲಿ, ಆಮ್ಯಾಲೆ ಕೇಳಿದ್ರಾತು ಅಂತ ಬಿಟ್ವಿ."

ನನಗೆ ಕಣ್ಣು ತುಂಬಿ ಬಂತು. ಎಷ್ಟು ಸಂತೋಷವೋ ಅಷ್ಟೇ ಅವಮಾನ. ಆದರೂ ಹುಡುಗಿಯ ತಂದೆ ನಾನು. ಏನಾದರೊಂದು ನಾನೇ ಕೇಳಿ ಮುಗಿಸಬೇಕಲ್ಲ! ಗಂಟಲು ಸರಿಮಾಡಿಕೊಂಡು, ದೊಡ್ಡ ಗಾಂಭೀರ್ಯದಿಂದ, ಮಗಳ ಕಡೆ ತಿರುಗಿದೆ.

"ಸುಧಾ, ನಿನಗ ಎಲ್ಲಾ ಒಪ್ಪಿಗಿ ಐತೇನವ್ವಾ?"

ಸುಧಾ ನನ್ನನ್ನು ನೋಡಿದಳು. ಪಟ್ಟಾಪಟ್ಟಿ ಚಡ್ಡಿಯ ಮೇಲೆ ಟವೆಲ್ಲು ಸುತ್ತಿ ನಿಂತ ಮಾವನನ್ನು ನೋಡಿದಳು.

"ಹುಡುಗ ಒಪ್ಪಿಗಿ ಅಪ್ಪಾ. ಅತ್ತೀನೂ ಒಪ್ಪಿಗಿ," ಎಂದಳು. "ನಿಮ್ಮಿಬ್ರನ್ನ ಏನ್ ಮಾಡೂದು ಅನ್ನೂದಽ ಇನ್ನೂ ವಿಚಾರ ಮಾಡಾಕತ್ತೇವಿ."

ಮಗಳ ಮದುವೆಯಾಗಿ, ಈಗ ಮೊಮ್ಮಗಳು ಶಾಲೆಗೆ ಹೋಗುತ್ತಿದ್ದಾಳೆ. ಆ ವಿಚಾರ ಇನ್ನೂ ನಡೆದೇ ಇದೆ.