ಸ್ಟೇಷನ್ ಸ್ಟ್ಯಾಂಡಿನ ಷಡ್ಡಕ

ನನಗೊಂದು ಚಟವಿದೆ. ಎಲೆ-ಅಡಿಕೆಯದಲ್ಲ, ಇಸ್ಪೀಟಿನದೂ ಅಲ್ಲ. ಅವಾಗಿದ್ದರೆ ಯಾರಾದರೂ ಡಾಕ್ಟರು ಬಿಡಿಸುತ್ತಿದ್ದರು. ಎದುರಿಗೆ ಸಿಕ್ಕ ಮನುಷ್ಯನ ಊರು ಕೇಳುವ ಚಟ. ನಮ್ಮ ಹಾವೇರಿ ಸೀಮೆಯಲ್ಲಿ ಇದನ್ನು ಚಟವೆಂದು ಯಾರೂ ಎಣಿಸುವುದಿಲ್ಲ, ಕೇಳದಿದ್ದವನನ್ನೇ ಸೊಕ್ಕಿನವನು ಎನ್ನುತ್ತಾರೆ. ರಾಣೆಬೆನ್ನೂರಿನಲ್ಲಿ ಬಸ್ಸು ಹತ್ತಿ ಪಕ್ಕದವನ ಊರು ಕೇಳಿ, ಆ ಊರಿನಲ್ಲಿ ನಮಗೆ ಗೊತ್ತಿರುವ ಒಬ್ಬನ ಹೆಸರು ಹೇಳಿ, ಅವನು ಇವನಿಗೆ ಏನಾಗಬೇಕೆಂದು ತಿಳಿದುಕೊಂಡು, ಕಡೆಗೆ ಇವನು ನಮಗೆ ಏನಾಗಬೇಕೆಂದು ಹೊಂದಿಸುವಷ್ಟರಲ್ಲಿ ಮೋಟೆಬೆನ್ನೂರು ದಾಟಿರುತ್ತದೆ. ಹಾವೇರಿಯಲ್ಲಿ ಇಳಿಯುವಾಗ ಇಬ್ಬರೂ ಬೀಗರು. ಈ ವಿದ್ಯೆಯಲ್ಲಿ ನನ್ನ ಹೆಂಡತಿ ಗಿರಿಜಾ ನನಗಿಂತ ಬಹಳ ಮುಂದೆ. ಒಮ್ಮೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಒಳಗೆ ನನ್ನ ಹೊಟ್ಟೆಯ ಸ್ಕ್ಯಾನಿಂಗ್ ನಡೆದಿದ್ದರೆ, ಹೊರಗೆ ಕುಳಿತ ಇವಳು ನರ್ಸಬಾಯಿಯ ತವರು ಪತ್ತೆ ಹಚ್ಚಿ, ಆಕೆಯ ಮೈದುನನಿಗೆ ಹೆಣ್ಣನ್ನೂ ಗೊತ್ತು ಮಾಡಿಬಿಟ್ಟಿದ್ದಳು. ನನ್ನ ಹೊಟ್ಟೆಯಲ್ಲಿ ಮಾತ್ರ ಏನೂ ಪತ್ತೆಯಾಗಿರಲಿಲ್ಲ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ನನ್ನ ಸ್ಕೂಟರಿನ ಸಲುವಾಗಿ. ನಾನಿರುವುದು ರಾಣೆಬೆನ್ನೂರಿನಲ್ಲಿ, ನೌಕರಿ ಹಾವೇರಿಯ ಒಂದು ಕಚೇರಿಯಲ್ಲಿ. ದಿನಾ ಬೆಳಿಗ್ಗೆ ಸ್ಕೂಟರನ್ನು ರೈಲ್ವೆ ಸ್ಟೇಷನ್ನಿನ ಹೊರಗಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿ ರೈಲು ಹತ್ತುವುದು, ಸಂಜೆ ಬಂದು ಸೀಟಿನ ಮೇಲೆ ಬಿದ್ದ ಬೇವಿನ ಹಣ್ಣು ಒರೆಸಿ ಮನೆಗೆ ಹೋಗುವುದು. ಹಲವು ವರ್ಷ ಹೀಗೇ ನಡೆದಿತ್ತು. ಹೋದ ವರ್ಷ ಒಂದು ಬೆಳಿಗ್ಗೆ ನೋಡುತ್ತೇನೆ, ಬೇವಿನ ಗಿಡದ ಸುತ್ತ ಹಗ್ಗ ಕಟ್ಟಿದೆ, ಗಿಡಕ್ಕೆ ತಗಡಿನ ಬೋರ್ಡು ಬಡಿದಿದೆ, ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ನಲವತ್ತರ ಆಸುಪಾಸಿನ ಗೃಹಸ್ಥನೊಬ್ಬ ಕುಳಿತಿದ್ದಾನೆ. ಗಾಡಿ ನಿಲ್ಲಿಸುವ ಜಾಗವನ್ನು ಯಾರೋ ಖಾಸಗಿ ಗುತ್ತಿಗೆದಾರ ಹಿಡಿದಿದ್ದನಂತೆ. ದಿನಕ್ಕೆ ಇಪ್ಪತ್ತು ರೂಪಾಯಿ.

ಇಪ್ಪತ್ತು ರೂಪಾಯಿ ನನಗೆ ದೊಡ್ಡದಲ್ಲ, ನನಗೆ ತತ್ವ ಮುಖ್ಯ. ಜಿಪುಣರೆಲ್ಲ ಹೀಗೇ ಹೇಳುತ್ತಾರೆಂದು ನನಗೂ ಗೊತ್ತಿದೆ. ಮೊದಲ ದಿನ ಬೇವಿನ ಗಿಡದ ನೆರಳು ಯಾರಪ್ಪನ ಆಸ್ತಿ ಎಂದು ವಾದ ಹೂಡಿದೆ. ಆತ ಪೂರ್ತಿ ಕೇಳಿ, "ಖರೇ ಐತ್ರಿ ನೀವು ಹೇಳೂದು, ಇಪ್ಪತ್ತು ರೂಪಾಯಿ ಕೊಡ್ರಿ" ಎಂದ. ಎರಡನೆಯ ದಿನ ಹಗ್ಗದ ಹೊರಗೆ, ಒಂದು ಗೇಣು ಬಿಟ್ಟು, ಗಾಡಿ ನಿಲ್ಲಿಸಿ ಗೆದ್ದವನಂತೆ ರೈಲು ಹತ್ತಿದೆ. ಸಂಜೆ ಬಂದಾಗ ಹಿಂದಿನ ಗಾಲಿಗೆ ಸರಪಳಿ ಬಿದ್ದಿತ್ತು, ಇಪ್ಪತ್ತು ತೆತ್ತೇ ಬಿಡಿಸಿಕೊಂಡೆ. ಮೂರನೆಯ ದಿನ, ನಮ್ಮ ಕಡೆಯವರು ಕಡೆಗೆ ಕೈ ಹಾಕುವ ಆಯುಧಕ್ಕೇ ನಾನೂ ಕೈ ಹಾಕಿದೆ. ದನಿ ಮೆತ್ತಗೆ ಮಾಡಿಕೊಂಡು, "ಅಲ್ಲೋ ತಮ್ಮಾ, ಯಾವೂರು ನಿಂದು?" ಎಂದೆ.

"ಇಲ್ಲೇ ದೇವರಗುಡ್ಡದ ಬಾಜೂಕ್ರಿ. ಮಾಲತೇಶ ಅಂತ್ರಿ. ನಮ್ಮ ಮನ್ಯಾಕೀದು ಕದರಮಂಡಲಗಿ."

ನನ್ನ ಎದೆ ಹಿಗ್ಗಿತು. ಕದರಮಂಡಲಗಿ ಗಿರಿಜಾಳ ತವರೂರು. "ಕದರಮಂಡಲಗ್ಯಾಗ ಯಾರ ಮನಿ?"

"ಊರ ಅಗಸಿ ಬಾಗಲದ ಹತ್ರ ಹಿಟ್ಟಿನ ಗಿರಣಿ ಐತಲ್ರಿ, ಅವರ ಮಗಳು, ಶಾಂತಾ."

ಅಲ್ಲಿಯೇ ಗಿರಿಜಾಳಿಗೆ ಫೋನು ಹಚ್ಚಿದೆ. "ಗಿರಣಿ ಶಾಂತಾ? ಅಯ್ಯ, ಆಕಿ ನಾನು ಒಂದ ಬೆಂಚಿನ ಮ್ಯಾಲೆ ಕುಂತು ಸಾಲಿ ಕಲ್ತೇವಿ. ವರಸೀಲೆ ನನಗ ತಂಗಿ ಆಗಬೇಕು. ಫೋನ್ ಅವರ ಕೈಯಾಗ ಕೊಡ್ರಿ ಲಗೂನ" ಎಂದಳು. ಅವರಿಬ್ಬರೂ ಮಾತಾಡಿದರು. ಪ್ಲಾಟ್‌ಫಾರ್ಮಿನಿಂದ ನನ್ನ ರೈಲು ಹೊರಟಿತು, ಅವರ ಮಾತು ಮುಗಿಯಲಿಲ್ಲ. ಫೋನು ವಾಪಸು ಕೊಡುವಾಗ ಮಾಲತೇಶ ಎದ್ದು ನಿಂತಿದ್ದ. ನನ್ನ ಹೆಂಡತಿಯ ತಂಗಿಯ ಗಂಡನೆಂದರೆ ನನಗೆ ಷಡ್ಡಕ. "ಅಣ್ಣಾರ, ಮದಲ ಹೇಳಬಾರದೇನ್ರಿ? ನಿಮ್ಮ ಕಡೆ ರೊಕ್ಕ ಇಸಗೊಂಡು ನಾ ಎಲ್ಲಿಗೆ ಹೋಗಲಿ?" ಎಂದು ಹಿಂದಿನ ದಿನದ ಇಪ್ಪತ್ತನ್ನೂ ನನ್ನ ಜೇಬಿಗೆ ತುರುಕಿ, ನನ್ನ ಸ್ಕೂಟರನ್ನು ತಾನೇ ನೂಕಿಕೊಂಡು ಹೋಗಿ ಗಿಡದ ಬುಡಕ್ಕೆ, ಬಿಸಿಲೇ ಬೀಳದ ಜಾಗದಲ್ಲಿ ನಿಲ್ಲಿಸಿದ. ಅಂದು ಕಚೇರಿಗೆ ತಡವಾಗಿ ಹೋಗಿ ಬೈಸಿಕೊಂಡರೂ ನಾನು ಒಳಗೊಳಗೇ ನಗುತ್ತಿದ್ದೆ.

ಆ ನಗು ಬಹಳ ದಿನ ಬಾಳಲಿಲ್ಲ. ಷಡ್ಡಕ ಎಂದ ಮೇಲೆ ಗಾಡಿ ನಿಲ್ಲಿಸಿ ಸುಮ್ಮನೆ ಹೋಗುವಂತಿಲ್ಲ. ಬೆಳಿಗ್ಗೆ ಚಹಾ ಕುಡಿಯಬೇಕು, ಮಕ್ಕಳ ಓದು ವಿಚಾರಿಸಬೇಕು, ಶಾಂತಾಳ ಮೊಣಕಾಲ ನೋವು ಎಲ್ಲಿಗೆ ಬಂತೆಂದು ಕೇಳಬೇಕು. ಅದಕ್ಕಾಗಿ ಮನೆಯಿಂದ ಮೊದಲಿಗಿಂತ ಬೇಗ ಹೊರಡತೊಡಗಿದೆ. ಮಾಲತೇಶನ ಅಕ್ಕನ ಮನೆ ಹಾವೇರಿಯಲ್ಲಿ, ನನ್ನ ಕಚೇರಿಯ ಹಿಂದಿನ ಓಣಿಯಲ್ಲಿಯೇ ಇತ್ತು. "ಹೆಂಗೂ ಹೊಂಟೀರಲ್ರಿ ಅಣ್ಣಾರ" ಎಂದು ಮೊದಲು ಒಂದು ಡಬ್ಬಿ ಕೊಟ್ಟ, ಆಮೇಲೆ ಒಂದು ಕೈಚೀಲ, ಆಮೇಲೊಂದು ದಿನ ಬ್ಯಾಡಗಿ ಪೇಟೆಯಿಂದ ತರಿಸಿದ ಒಣಮೆಣಸಿನಕಾಯಿಯ ಮೂಟೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎನ್ನುತ್ತಾರೆ. ಹಾಗೆನ್ನುವವರು ಅದರ ಮೂಟೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೂತವರಲ್ಲ. ಹಾವೇರಿ ಬರುವವರೆಗೆ ಇಡೀ ಬೋಗಿ ಸೀನಿತು. ಬ್ಯಾಡಗಿ ಸ್ಟೇಷನ್ನಿನಲ್ಲಿ ಹತ್ತಿದವರು ಮಾತ್ರ ಏನೂ ಆಗದವರಂತೆ ಕೂತಿದ್ದರು.

ನಂತರ ಮಾಲತೇಶನ ತಮ್ಮನ ಮಗನ ಜಾವಳ ಬಂತು. ಕದರಮಂಡಲಗಿಯ ಹಣಮಪ್ಪನ ಗುಡಿಯಲ್ಲಿ ಕೂದಲು ತೆಗೆಸುವ ಕಾರ್ಯ. ಷಡ್ಡಕನ ಮನೆಯ ಕಾರ್ಯಕ್ಕೆ ಬರಿಗೈಯಲ್ಲಿ ಹೋಗಲಾಗುತ್ತದೆಯೇ? ಕೂಸಿಗೆ ಅಂಗಿ, ಶಾಂತಾಳಿಗೆ ಸೀರೆ, ಮಾಲತೇಶನಿಗೆ ಪ್ಯಾಂಟಿನ ಬಟ್ಟೆ, ಹೀಗೆ ಆಯಾರ ಮಾಡಿ ಬಂದೆವು. ಬಟ್ಟೆ ಅಂಗಡಿಯಲ್ಲಿ ಬಿಲ್ಲು ನೋಡುವಾಗ, ಆ ದುಡ್ಡಿನಲ್ಲಿ ನನ್ನ ಸ್ಕೂಟರು ನಿವೃತ್ತಿಯವರೆಗೆ ಬೇವಿನ ಗಿಡದ ಕೆಳಗೆ ಗೌರವದಿಂದ ನಿಲ್ಲಬಹುದಿತ್ತಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಗಿರಿಜಾಳ ಮುಂದೆ ಬಾಯಿ ಬಿಡಲಿಲ್ಲ. ಅವಳು ಕಳೆದುಹೋಗಿದ್ದ ತಂಗಿ ಸಿಕ್ಕ ಖುಷಿಯಲ್ಲಿದ್ದಳು.

ಇಲ್ಲಿಯವರೆಗೆ ನಾನು ನನ್ನನ್ನು ಕಷ್ಟದಲ್ಲಿ ಸಿಕ್ಕವನೆಂದೇ ತಿಳಿದಿದ್ದೆ. ಒಂದು ಸಂಜೆ ಹಾವೇರಿಯಿಂದ ಬಂದಿಳಿದು ಸ್ಟ್ಯಾಂಡಿನತ್ತ ನಡೆದಾಗ, ಗುತ್ತಿಗೆದಾರನ ಕಡೆಯ ಮೇಸ್ತ್ರಿಯೊಬ್ಬ ಗಾಡಿಗಳನ್ನು ಎಣಿಸುತ್ತಿದ್ದ. ನಾನು ಚಹಾದ ಡಬ್ಬಿ ಅಂಗಡಿಯ ಈಚೆಗಿದ್ದೆ, ಅವರಿಗೆ ಕಾಣುತ್ತಿರಲಿಲ್ಲ. ಮೇಸ್ತ್ರಿ ನನ್ನ ಸ್ಕೂಟರಿನ ಸೀಟು ತಟ್ಟಿ, "ಇವತ್ತೂ ಇದರ ರೊಕ್ಕ ನಿಂದ ಏನೋ ಮಾಲತೇಶಾ? ದಿನಾ ನಿನ್ನ ಪಗಾರದಾಗ ಇನ್ನೊಬ್ಬರ ಗಾಡಿ ನಿಂದರಸ್ತೀಯಲ್ಲೋ ಮಾರಾಯಾ" ಎಂದ. ಮಾಲತೇಶ ಜೇಬಿನಿಂದ ಇಪ್ಪತ್ತರ ನೋಟು ತೆಗೆದುಕೊಡುತ್ತ, "ನಮ್ಮ ಷಡ್ಡಕರದ್ರಿ. ದೊಡ್ಡ ಮನಷ್ಯಾರು. ಏನ ಅನಬ್ಯಾಡ್ರಿ" ಎಂದ.

ನಾಚಿಕೆಯಾಯಿತು. ಹಾಸ್ಯಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ನಾಚಿಕೆಯಾಯಿತು. ಪುಕ್ಕಟೆ ಎಂದುಕೊಂಡು ನಾನು ಎದೆ ಸೆಟೆಸಿ ಓಡಾಡಿದ್ದ ನೆರಳಿಗೆ ಆತ ದಿನಾ ತನ್ನ ಕೈಯಿಂದ ತೆತ್ತಿದ್ದ. ಅವನ ಸಂಬಳವೇ ಎಷ್ಟೋ. ಮರುದಿನ ಹೇಗಾದರೂ ಮಾಡಿ ಕೊಡಬೇಕೆಂದು ನೋಟುಗಳನ್ನು ಮಡಚಿ ಅವನ ಅಂಗಿಯ ಜೇಬಿಗೆ ತುರುಕಿದೆ. "ಅಣ್ಣಾರ, ಇದು ಊರಾಗ ಗೊತ್ತಾದರ ನಾ ಕದರಮಂಡಲಗ್ಯಾಗ ಮಾರಿ ಎತ್ತಿ ಅಡ್ಡ್ಯಾಡೂದು ಹೆಂಗ್ರಿ?" ಎಂದ. ಸಂಜೆಗೆ ಅಷ್ಟೂ ದುಡ್ಡು ಧಾರವಾಡ ಪೇಡೆಯಾಗಿ ನಮ್ಮ ಮನೆಗೇ ಬಂದಿತ್ತು. ಗಿರಿಜಾಳಿಗೆ ಎಲ್ಲ ಹೇಳಿದೆ. ಅವಳು ಪೇಡೆಯ ಡಬ್ಬಿಯನ್ನು ಮುಚ್ಚಿ ಬದಿಗಿಟ್ಟಳು. "ರೊಕ್ಕ ಕೊಟ್ಟರ ಶಾಂತಾ ನನಗ ಮಾರಿ ತೋರಸಂಗಿಲ್ಲ. ಕೊಡದಿದ್ದರ ಹಣಮಪ್ಪ ನಿಮಗ ಮಾರಿ ತೋರಸಂಗಿಲ್ಲ. ಏನರ ಮಾಡ್ರಿ, ಅವರ ಮನಸ್ಸು ನೋಯಿಸಬ್ಯಾಡ್ರಿ" ಎಂದಳು.

ಎರಡು ದಿನ ಯೋಚಿಸಿ ಒಂದು ಹಂಚಿಕೆ ಹಾಕಿದೆ. ಗಾಡಿ ಗ್ಯಾರೇಜಿನಲ್ಲಿದೆ ಎಂದು ಮಾಲತೇಶನಿಗೆ ಹೇಳಿ, ಸ್ಕೂಟರನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಇನ್ನೊಂದು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಅಲ್ಲಿಂದ ರೈಲಿಗೆ ನಡೆದು ಹೋಗತೊಡಗಿದೆ. ಅಲ್ಲಿದ್ದವನು ಬಿಳಿ ಟೋಪಿಯ ವಯಸ್ಸಾದ ಮನುಷ್ಯ. ದಿನಾ ಇಪ್ಪತ್ತು ರೂಪಾಯಿ ಎಣಿಸಿ ಕೊಟ್ಟು ಚೀಟಿ ಇಸಿದುಕೊಳ್ಳುವಾಗ ಏನು ನೆಮ್ಮದಿ ಅಂತೀರಿ. ಚಹಾ ಇಲ್ಲ, ಮೊಣಕಾಲಿಲ್ಲ, ಮೂಟೆಯಿಲ್ಲ. ಒಂದು ದಿನ ಆತ, "ಸಾಹೇಬ್ರ, ಯಾವೂರಾತ್ರಿ?" ಎಂದ. ಬಂತಲ್ಲ ಎಂದುಕೊಂಡು, ಹಿಂದೆ ಮುಂದೆ ನೋಡದೆ "ಮೈಸೂರು" ಎಂದೆ. ಅಷ್ಟು ದೂರ ಯಾವ ಷಡ್ಡಕನೂ ಸಿಗಲಾರನೆಂಬ ಧೈರ್ಯ. ಆತ ನನ್ನನ್ನೊಮ್ಮೆ, ನನ್ನ ಗಾಡಿಯ ಹಾವೇರಿ ನಂಬರನ್ನೊಮ್ಮೆ ನೋಡಿ ಚೀಟಿ ಹರಿದುಕೊಟ್ಟ. ಅತ್ತ ಸ್ಟೇಷನ್ನಿನಲ್ಲಿ ಮಾಲತೇಶ ನನ್ನನ್ನು ಕಂಡಾಗಲೆಲ್ಲ, "ಇನ್ನೂ ಗಾಡಿ ರಿಪೇರಿ ಆಗಿಲ್ಲೇನ್ರಿ ಅಣ್ಣಾರ, ನನ್ನ ಗಾಡಿ ಒಯ್ರಿ ಬೇಕಾದ್ರ" ಎಂದು ಮರುಗುತ್ತಿದ್ದ.

ನಿನ್ನೆ ಬೆಳಿಗ್ಗೆ ಎಂದಿನಂತೆ ಇಪ್ಪತ್ತರ ನೋಟು ಚಾಚಿದೆ. ಬಿಳಿ ಟೋಪಿಯ ಹಿರಿಯ ಕೈ ಹಿಂದಕ್ಕೆಳೆದುಕೊಂಡ.

"ಬ್ಯಾಡ್ರಿ. ನೀವು ಮಾಲತೇಶನ ಷಡ್ಡಕರಂತಲ್ಲ. ನಿನ್ನೆ ಚಹಾ ಕುಡ್ಯಾಕ ಬಂದಾವ ನಿಮ್ಮ ಗಾಡಿ ನೋಡಿ ಗುರ್ತ ಹಿಡದ. ಪಾಪ, ಭಾಳ ಮನಸ್ಸಿಗೆ ಹಚಗೊಂಡ. ಆಮ್ಯಾಲೆ ತಾನ ಹೇಳಿದ, ಅಣ್ಣಾರಿಗೆ ಬಸ್‌ಸ್ಟ್ಯಾಂಡ ಕಡೆ ಏನರ ಕೆಲಸ ಇರಬೇಕು, ಗಾಡಿ ನೆಳ್ಳಾಗ ಹಚ್ಚು, ರೊಕ್ಕ ಮುಟ್ಟಬ್ಯಾಡ, ನಾ ಕೊಡ್ತೇನಿ ಅಂತ. ಅವನ ಕಡೆ ನಾ ಇಸಗೊಳ್ಳಂಗಿಲ್ರಿ. ಮಾಲತೇಶ ಅಂದ್ರ ನನಗ ಮಗ ಇದ್ದಂಗ."

ಹಾಗಾದರೆ ಇನ್ನು ಮುಂದೆ ನನ್ನ ಸ್ಕೂಟರು ಇವನ ಪಗಾರದಲ್ಲಿ ನಿಲ್ಲಬೇಕಾಯಿತು. ನಾನು ನೋಟನ್ನು ಅವನ ಕುರ್ಚಿಯ ಮೇಲಿಟ್ಟೆ, ಆತ ಎತ್ತಿ ನನ್ನ ಚೀಲಕ್ಕೆ ಹಾಕಿದ. ನಾನು ತೆಗೆದು ಅವನ ಟೋಪಿಯ ಅಂಚಿಗೆ ಸಿಕ್ಕಿಸಿದೆ, ಆತ ನಕ್ಕು ಅದನ್ನು ಸ್ಕೂಟರಿನ ಸೀಟಿನ ಸಂದಿಯಲ್ಲಿ ತುರುಕಿದ. ಸುತ್ತ ನಾಲ್ಕು ಜನ ನಿಂತು ನೋಡತೊಡಗಿದರು. ರೈಲಿನ ಹೊತ್ತಾಗಿತ್ತು. ದುಡ್ಡು ಅಲ್ಲಿಯೇ ಬಿಟ್ಟು, ಬೆನ್ನು ತಿರುಗಿಸಿ ಓಡಿಬಿಡುವುದೇ ಸರಿಯೆಂದು ನಾಲ್ಕು ಹೆಜ್ಜೆ ಹೋಗಿದ್ದೆ. ಹಾಗೇ ಹೋಗಿಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಆ ಹಿರಿಯ, ಮಾಲತೇಶ ತನಗೆ ಮಗನಿದ್ದಂತೆ ಎಂದ ಮೇಲೆ ಅದು ಯಾವ ಕಡೆಯಿಂದ ಎಂದು ತಿಳಿಯದೆ ರೈಲು ಹತ್ತುವುದು ಹೇಗೆ? ನಾಲಿಗೆ ಕಚ್ಚಿಕೊಳ್ಳುವುದರೊಳಗೆ ತಿರುಗಿ ನಿಂತಿದ್ದೆ.

"ಅಲ್ರಿ ಯಜಮಾನ್ರ, ಯಾವೂರಾತ್ರಿ ನಿಮ್ದು?"